ಸಿಂಕಿನ ಪಕ್ಕದ ಸಾಬೂನು ಬಾಟಲಿ

ನಾನು ಒಂದು ಸಾಬೂನಿನ ಬಾಟಲಿ. ಅಚ್ಚಿನಲ್ಲಿ ಊದಿ ನನ್ನನ್ನು ಮಾಡಿದವರು ಹೊಟ್ಟೆಗೆ ಗುಲಾಬಿ ಬಣ್ಣದ ಸಾಬೂನು ತುಂಬಿ, ತಲೆಗೊಂದು ಪಂಪು ಕೂರಿಸಿ ಕಳಿಸಿದರು. ಬಂದು ನಿಂತದ್ದು ಒಂದು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ, ಸಿಂಕಿನ ಪಕ್ಕ. ನನ್ನನ್ನು ಒತ್ತದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಆ ಹೆಮ್ಮೆ ನನಗಿತ್ತು.

ಮೊದಲ ಸಾಬೂನು ಮುಗಿಯುವ ಮುಂಚೆಯೇ ಆಯಾ ದ್ಯಾಮವ್ವ ಕ್ಯಾನಿನಿಂದ ಮತ್ತೆ ಸುರಿದಳು. ಕ್ಯಾನು ಬರುವುದು ತಡವಾದರೆ ನಲ್ಲಿಯ ನೀರು ಬೆರೆಸಿ ಕುಲುಕುವಳು. ಎಂಟು ತಿಂಗಳು ಹೀಗೆಯೇ ನಡೆಯಿತು. ನನ್ನ ತಳ ಒಮ್ಮೆಯೂ ಒಣಗಲಿಲ್ಲ. ಅಲ್ಲಿ ಲೋಳೆ ಕಟ್ಟತೊಡಗಿತು.

ಒಂದು ವಾರ ಎರಡು ಕೂಸುಗಳಿಗೆ ರಕ್ತದ ಸೋಂಕು ತಗುಲಿತು. ಒಂದು ಉಳಿಯಲಿಲ್ಲ. ಮೂರನೆಯದು ನಿಂಗವ್ವನ ಮಗಳು, ಒಂದೂಕಾಲು ಕಿಲೋ ತೂಕದವಳು. ಹಾಲು ಕುಡಿಯುವುದು ಬಿಟ್ಟಳು, ಮೈ ತಣ್ಣಗಾಗತೊಡಗಿತು.

"ಹೊರಗಿಂದ ಬರೋರು ನೀವ ತರ್ತೀರಿ ಎಲ್ಲಾನೂ," ಎಂದು ದ್ಯಾಮವ್ವ ಗದರಿದಳು. "ಕೈ ತೊಳಕೊಂಡಿಯೇನು?"

"ತೊಳಕೊಂಡೀನಿ, ಯವ್ವಾ," ಎಂದಳು ನಿಂಗವ್ವ.

"ಮತ್ತೊಮ್ಮಿ ತೊಳಕೋ."

ಅಂದಿನಿಂದ ನಿಂಗವ್ವ ಮಗುವನ್ನು ಮುಟ್ಟುವ ಮುನ್ನ ಮೂರು ಸಲ ಒತ್ತುತ್ತಿದ್ದಳು, ಮೊಣಕೈವರೆಗೆ ಉಜ್ಜುತ್ತಿದ್ದಳು. ಬೆರಳ ಸಂದುಗಳು ಬಿರಿದಿದ್ದವು. ನನ್ನಿಂದ ಏನು ಹೊರಬರುತ್ತಿದೆ ಎಂದು ನನಗೆ ಗೊತ್ತಿತ್ತು. ಪಂಪಾದರೂ ಕಟ್ಟಿಕೊಳ್ಳಬಾರದೇ ಎಂದುಕೊಂಡೆ. ಅದು ಸಲೀಸಾಗಿ ಸುರಿಸುತ್ತಲೇ ಇತ್ತು.

ಘಟಕದ ನರ್ಸ್ ಸಿಸ್ಟರ್ ಎಸ್ತರ್ ಆ ಬಿರಿದ ಕೈಗಳನ್ನೇ ನೋಡುತ್ತ ನಿಂತಿದ್ದರು. ಇದ್ದಕ್ಕಿದ್ದಂತೆ ನನ್ನ ಮುಚ್ಚಳ ತಿರುಗಿಸಿ ಮೂಸಿದರು.

"ದ್ಯಾಮವ್ವ, ಇದನ್ನ ಯಾವಾಗ ತೊಳದಿದ್ದಿ?"

"ಸಾಬೂನಿನ ಬಾಟ್ಲೀನೂ ತೊಳೀಬೇಕೇನ್ರಿ, ಅಕ್ಕಾರ? ಅದರಾಗ ಇರೋದ ಸಾಬೂನು!"

ಸಿಸ್ಟರ್ ನನ್ನ ತಳವನ್ನು ಬೆಳಕಿಗೆ ಹಿಡಿದು ತೋರಿಸಿದರು. ದ್ಯಾಮವ್ವ ಬಗ್ಗಿ ಆ ಲೋಳೆಯನ್ನು ನೋಡಿದಳು, ಆಮೇಲೆ ನಿಂಗವ್ವನ ಕೈಗಳನ್ನು.

ನನ್ನನ್ನು ಚೀಲದಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಕಳಿಸಿದರು. ಮಗುವಿನ ರಕ್ತದಲ್ಲಿದ್ದ ಬ್ಯಾಕ್ಟೀರಿಯಾವೇ ನನ್ನ ತಳದಲ್ಲೂ ಸಿಕ್ಕಿತು. ಮಗುವಿಗೆ ಅದಕ್ಕೆ ತಕ್ಕ ಔಷಧಿ ಶುರುವಾಯಿತು.

ಈಗ ಇಲ್ಲೇ ಪ್ರಯೋಗಾಲಯದ ಕಪಾಟಿನ ಮೂಲೆಯಲ್ಲಿದ್ದೇನೆ, ಮೈಮೇಲೊಂದು ಕೆಂಪು ಚೀಟಿ. ಔಷಧಿ ಶುರುವಾದ ಹನ್ನೊಂದನೆಯ ದಿನ ವರದಿ ಒಯ್ಯಲು ಬಂದ ಸಿಸ್ಟರ್ ಎಸ್ತರ್ ಇಲ್ಲಿನವರಿಗೆ ಹೇಳಿದರು: "ನಿಂಗವ್ವನ ಮಗಳು ಇವತ್ತ ಹಾಲು ಕುಡದಳು. ಆದ್ರ ನಿಂಗವ್ವ ಇನ್ನೂ ಕೂಸಿನ್ನ ಮುಟ್ಟವಲ್ಲಳು. ಕೈ ಹಿಂದ ಕಟ್ಟಿಕೊಂಡು ನಿಂದರ್ತಾಳ."

ಕೊಳಕು ಕಂಡರೆ ಯಾರಾದರೂ ದೂರ ಸರಿಯುತ್ತಾರೆ. ಅವಳು ಸಾಬೂನೆಂದು ನಂಬಿ ನನ್ನ ಬಳಿಗೆ ಬಂದಿದ್ದಳು.