ನಾಲಿಗೆ ಮುಟ್ಟದ ಉಪ್ಪು

ಈ ಹುಡುಗನ ಕೈಗೆ ಸೌಟು ಕೊಟ್ಟವರು ಯಾರ್ರೀ, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಅಳತೆ ಅಂದ್ರೆ ಏನು ಗೊತ್ತು, ಮೊನ್ನೆ ಇವನ ಗಂಜಿ ಕುಡಿದು ಎದ್ದು ಹೋಗಿ ಕಡಲ ನೀರು ಬೆರೆಸ್ಕೊಂಡು ಬರೋಣ ಅನ್ನಿಸ್ತು ನಂಗೆ — ಮಸೀದಿಯ ಅಂಗಳದಲ್ಲಿ ಪಾತ್ರೆ ಹಿಡಿದು ನಿಂತ ಇಡೀ ಸಾಲಿಗೆ ಕೇಳುವಂತೆ ಮಸೀದಿಯ ಉಸ್ತುವಾರಿ ನೂಹು ಹಾಜಿಯಾರ್ ಹೇಳುತ್ತಿದ್ದಾಗ ಸದಕ್ ನೋಡುತ್ತಿದ್ದದ್ದು ಹಂಡೆಯೊಳಗೆ ಉಬ್ಬುತ್ತಿದ್ದ ಒಂದು ಗುಳ್ಳೆಯನ್ನು, ದಪ್ಪ ಗುಳ್ಳೆ, ಸೋಮಾರಿ ಗುಳ್ಳೆ, ಒಡೆಯಲೋ ಬೇಡವೋ ಎಂದು ಯೋಚಿಸಿ ಒಡೆಯುತ್ತದೆ, ಅಂದರೆ ಅಕ್ಕಿ ಕರಗಿತು, ಹೆಸರುಬೇಳೆ ಕರಗಿತು, ಇನ್ನು ತೆಂಗಿನ ಹಾಲು ಹುಯ್ಯಬಹುದು — ಸಾಲು ನಕ್ಕಿತು, ನಗಲಿ, ಮೊನ್ನೆ ಸಪ್ಪೆಯಾಗಿದ್ದದ್ದು ನಿಜವೇ, ಇಲ್ಲ ಎಂದವರಾರು, ನೋಂಬು ಹಿಡಿದು ಉಪವಾಸವಿದ್ದವನ ನಾಲಿಗೆಗೆ ಬೆಳಗಿನಿಂದಲೇ ಬೀಗ, ರುಚಿ ನೋಡುವಂತಿಲ್ಲ, ತುದಿಯಲ್ಲಿಟ್ಟು ಉಗುಳಿದರೆ ತಪ್ಪಿಲ್ಲ ಎನ್ನುತ್ತಾರೆ ತಿಳಿದವರು, ಆದರೆ ಅಪ್ಪ, ಅವನ ವಾಪ್ಪಾ, ಒಮ್ಮೆಯೂ ಹಾಗೆ ಮಾಡಲಿಲ್ಲವಲ್ಲ, ಪ್ರತಿ ರಂಜಾನಿಗೂ ಇದೇ ಹಂಡೆಯ ಮುಂದೆ ನಿಂತು, ಯಾರ ಮನೆಯಿಂದ ಏನು ಬಂತೋ ಅದನ್ನೇ ಹಾಕಿ, ಒಂದು ದಿನ ಕೈಮಾ, ಒಂದು ದಿನ ಬರೀ ಬೇಳೆ, ಮೂಗು ಹೇಳಿದಷ್ಟು ಶುಂಠಿ, ಕೈ ಹೇಳಿದಷ್ಟು ಉಪ್ಪು, ಈಗ ಕಾಲು ಊದಿ ಮನೆಯಲ್ಲಿ ಮಲಗಿ ಕೇಳುತ್ತಾರೆ, ಲೇ ಸದಕು, ಜನ ಏನಂದ್ರೋ?

ಏನಂದರು. ಉಪ್ಪು ಹಾಕಿದ್ಯೇನೋ ಅಂದರು ಹಾಜಿಯಾರ್. ಹಾಕಿದೀನಿ ಹಾಜಿಯಾರೇ. ಎಷ್ಟು? ಕೈಯಷ್ಟು. ಯಾರ ಕೈ, ನಿಂದಾ, ನಿಮ್ಮಪ್ಪಂದಾ? ಮತ್ತೆ ನಗು, ಹಿಂದಿನಿಂದ ಯಾರೋ ಕೆಮ್ಮಿ ಕೆಮ್ಮಿ ನಗುತ್ತಿದ್ದಾರೆ, ಹಾಜಿಯಾರ್ ಕೈಯಲ್ಲಿ ಅವರು ಕೊಲಂಬೊದಲ್ಲಿ ಅಂಗಡಿ ಇಟ್ಟಿದ್ದ ಕಾಲದ ಅಳತೆ ಲೋಟ, ಅದರ ತುಂಬ ಪುಡಿಯುಪ್ಪು, ಬೇಡ ಹಾಜಿಯಾರೇ, ಆಗ್ಲೇ ಹಾಕಿ ಆಗಿದೆ ಎನ್ನುವಷ್ಟರಲ್ಲಿ ಸುರಿದೇ ಬಿಟ್ಟರು, ಬಿಳಿ ರಾಶಿ ಗಂಜಿಯ ಮೇಲೆ ಒಂದು ಕ್ಷಣ ಕೂತು ಮುಳುಗಿತು, ಇವತ್ತೂ ಕೆಟ್ರೆ ನಾಳೆ ಮದುರೈಯಿಂದ ಅಡುಗೆಯವನು ಬರ್ತಾನೆ, ನಿಮ್ಮಪ್ಪನ ಸೌಟನ್ನ ನಿಮ್ಮನೆ ಗೋಡೆಗೆ ತೂಗುಹಾಕು, ಅಂದು ತಸ್ಬೀಹು ಮಣಿ ಎಣಿಸುತ್ತ ಹೊರಟರು, ಹೋಗುವಾಗ ಲೋಟವನ್ನೂ ಜೋಪಾನವಾಗಿ ಒರೆಸಿಕೊಂಡು ಹೋದರು — ಆ ಒರೆಸುವಿಕೆಗೇ ಮೈಯೆಲ್ಲ ಉರಿಯಿತು. ಗುಳ್ಳೆ ಒಡೆದು ಒಂದು ಹನಿ ಮಣಿಕಟ್ಟಿನ ಮೇಲೆ ಹಾರಿತು. ಒರೆಸಬೇಡ ಕಣೋ, ಒಣಗಲಿ, ಅಂಚು ನೋಡು, ಉಪ್ಪೆಷ್ಟು ಅಂತ ಅದೇ ಹೇಳುತ್ತೆ, ವಾಪ್ಪಾ ಹೇಳಿಕೊಟ್ಟ ಮಾತು. ಒಣಗಿತು. ಅಂಚಿಗೆ ಬಿಳಿ ಉಂಗುರ, ದಪ್ಪ, ಸುಣ್ಣ ಎಳೆದ ಹಾಗೆ. ಅಲ್ಲಾ, ಇದನ್ನು ದನ ಕೂಡ ಕುಡಿಯದು.

ನೀರು ಹುಯ್ದರೆ ನೀರೇ ಆಗುತ್ತದೆ, ಗಂಜಿ ಸತ್ತು ಹೋಗುತ್ತದೆ, ನಾಳೆಗೆಂದು ಇಟ್ಟ ನುಚ್ಚಿನ ಚೀಲ — ಬಾಯಿ ಬಿಚ್ಚು, ಸುರಿ, ಎಷ್ಟು, ಗೊತ್ತಿಲ್ಲ, ಕೈ ನಿಲ್ಲುವವರೆಗೆ, ಬಿಸಿನೀರು, ನಾಳೆಯ ತೆಂಗಿನಕಾಯಿಗಳೂ ಒಡೆಯಲಿ, ನಾಳೆ ನಾನಿದ್ದರಲ್ಲವೇ ನಾಳೆಯ ಮಾತು, ಇನ್ನೂ ಏನೋ ಬೇಕು, ತನ್ನದೆನ್ನುವ ರುಚಿಯೇ ಇಲ್ಲದ್ದು, ಉಪ್ಪನ್ನು ಸುಮ್ಮನೆ ನುಂಗಿಕೊಂಡು ಕೂರುವಂಥದ್ದು, ಸಾಲಿನ ಮುಂದೆ ನಿಂತ, ಎಲ್ಲರಿಗೂ ಅಕ್ಕನಾದ ಜೈನಂಬು ರಾತ್ತಾಳ ಚೀಲದಿಂದ ಇಣುಕುವ ಸೋರೆಕಾಯಿ, ಕಿತ್ತುಕೊಂಡ, ಅಯ್ಯೋ ತಂಬಿ, ಅದು ನಮ್ಮನೆ ಸಾರಿಗೆ ಕಣೋ, ನನ್ನ ಗಂಡ ನನ್ನ ಬಿಟ್ರೂ ಸೋರೆಕಾಯಿ ಬಿಡಲ್ಲ! ನಾಳೆ ಎರಡು ಕೊಡ್ತೀನಿ ರಾತ್ತಾ. ನಾಳೆ ನೀನಿರ್ತೀಯೇನೋ? ಅವಳೂ ಕೇಳಿಸಿಕೊಂಡಿದ್ದಾಳೆ, ಎಲ್ಲರೂ ಕೇಳಿಸಿಕೊಂಡಿದ್ದಾರೆ, ಹೆಚ್ಚುತ್ತಿದ್ದಾನೆ, ಸಣ್ಣಗೆ, ಇನ್ನೂ ಸಣ್ಣಗೆ, ಇದ್ದದ್ದನ್ನು ಮಾಡಿ ಮುಗಿಸಿದವನು ಮತ್ತೆ ಮೊದಲಿನಿಂದ ಮಾಡಬೇಕು, ಕೆಡಿಸಿದವನು ಒಳಗೆ ಫ್ಯಾನಿನ ಕೆಳಗೆ, ಗಂಟಲು ಒಣಗಿ ಹಲಗೆಯಾಗಿದೆ, ಹೊಗೆ ಕಣ್ಣಿಗೆ, ಹೊತ್ತು ಜಾರುತ್ತಿದೆ, ಲೇ ಆಯ್ತೇನೋ, ಮನೇಲಿ ಕಾಯ್ತಾರೆ, ಆಗುತ್ತೆ ಇರ್ರಪ್ಪಾ, ಸೋರೆ ಕರಗಿತು, ಪುದೀನ, ಕೊನೆಗೆ ಹಾಲು, ತಿರುವು, ತಳ ಹಿಡಿಯದ ಹಾಗೆ ತಿರುವು, ಹಾರು ಮಾರಾಯ, ಒಂದು ಹನಿ ಹಾರು — ಹಾರಿತು, ಮೊದಲನೆಯದರ ಪಕ್ಕಕ್ಕೇ, ಚುರ್ ಎಂದಿತು, ಊದಿದ, ಒಣಗಿತು. ತೆಳು ಉಂಗುರ. ವಾಪ್ಪಾನ ಕೈ ಮೇಲೆ ನೋಡುತ್ತಿದ್ದಂಥದ್ದೇ, ಅಥವಾ ಹಸಿದ ಕಣ್ಣು ಹಾಗೆ ಹೇಳಿತೋ, ನಾಲಿಗೆಯನ್ನು ಕೇಳುವಂತಿಲ್ಲ, ಬಡಿಸು, ಬಡಿಸು, ಸಾಲು ಕರಗಿತು.

ಬಾಂಗ್ ಆಯಿತು. ಒಳಗೆ ಸಾಲಾಗಿ ಕೂತವರು ಖರ್ಜೂರ ಬಾಯಿಗಿಟ್ಟು ಬಟ್ಟಲೆತ್ತಿದರು, ಸದಕನ ಖರ್ಜೂರ ಮುಷ್ಟಿಯಲ್ಲೇ ಮೆತ್ತಗಾಗುತ್ತಿದೆ, ಗುಟುಕು, ಇನ್ನೊಂದು ಗುಟುಕು, ಬಟ್ಟಲುಗಳ ಮೇಲೇ ಅವನ ಕಣ್ಣು, ಆಮೇಲೆ ಒಂದು ಬಟ್ಟಲು ಮುಂದೆ ಬಂತು, ಇನ್ನೊಂದು ಬಂತು, ಇನ್ನೊಂಚೂರು ಹಾಕು ತಂಬಿ, ಹಾಜಿಯಾರರ ಬಟ್ಟಲೂ ಬಂತು, ಗಡ್ಡ ಒರೆಸಿಕೊಂಡು ಎಲ್ಲರ ಕಡೆ ತಿರುಗಿದರು, ನೋಡಿದ್ರಾ, ಅಳತೆ ಅಂದ್ರೆ ಇದು, ಒಂದೇ ಒಂದು ಲೋಟ, ಲೇ ಹುಡುಗ, ಮದುರೈಯವನು ಬೇಡ ಬಿಡು, ನಾಳೆಯಿಂದ ಉಪ್ಪು ನಾನೇ ಹಾಕ್ತೀನಿ, ನೀನು ತಿರುವಿಕೊಂಡಿರು ಸಾಕು. ಹೌದೌದು ಎಂದು ತಲೆಗಳಾಡಿದವು. ಹೇಳಬಹುದು, ಈಗಲೇ, ಇಲ್ಲೇ, ಕೈ ಚಾಚಿ ತೋರಿಸಬಹುದು, ಇಗೋ ಇದು ನಿಮ್ಮ ಲೋಟ, ಇದು ನನ್ನ ಕೈ, ಯಾರಿಗೆ ಓದಲು ಬರುತ್ತದೆ ಇದು, ಮನೆಯಲ್ಲಿ ಕಾಲು ಚಾಚಿ ಮಲಗಿದ ವಾಪ್ಪಾ ಒಬ್ಬರಿಗೇ — ಸೌಟನ್ನು ಹಂಡೆಗೆ ಒರಗಿಸಿದ, ಹಾಜಿಯಾರ್ ಇನ್ನೂ ಏನೋ ಹೇಳುತ್ತಿದ್ದರು, ಲೇ, ನಿನಗೇ ಹೇಳಿದ್ದು, ಕೇಳಿಸ್ತೇನೋ, ಚಪ್ಪಲಿಗಳ ರಾಶಿ ದಾಟಿದ, ಬಾಗಿಲು ದಾಟಿದ, ಕಡಲಗಾಳಿ ಮುಖಕ್ಕೆ ಹೊಡೆಯಿತು, ಖರ್ಜೂರ ಇನ್ನೂ ಮುಷ್ಟಿಯಲ್ಲಿ, ಬೆಳಗಿನಿಂದ ಏನೂ ಮುಟ್ಟದ ನಾಲಿಗೆ, ತುಟಿಯ ಹತ್ತಿರಕ್ಕೆ ಬಂದ ಮಣಿಕಟ್ಟು, ನೆಕ್ಕಿದರೆ ರುಚಿ ಗೊತ್ತಾದೀತು, ವಾಪ್ಪಾನಿಗೆ ತೋರಿಸಲು ಉಳಿಯದು, ಅದರ ಮೇಲೆ ಎರಡು ಉಂಗುರ, ಒಂದು ದಪ್ಪ, ಒಂದು ತೆಳು, ಒಂದು ದಪ್ಪ, ಒಂದು ತೆಳು