ಬರಬೇಡಿ ಅನ್ನೋಕೆ ಬಂದವರು

ಮದುವೆಗೆ ಕರೆಯಲು ಮನೆಮನೆ ತಿರುಗುವವರನ್ನು ಸಾತನೂರಿನ ಜನ ಬೇಕಾದಷ್ಟು ನೋಡಿದ್ದಾರೆ. ಮದುವೆಗೆ ಬರಬೇಡಿ ಎಂದು ಹೇಳಲು ಒಂದು ಚಿಪ್ಪು ಬಾಳೆಹಣ್ಣು, ಎಲೆ ಅಡಿಕೆ, ಕುಂಕುಮದ ಭರಣಿ ಹಿಡಿದುಕೊಂಡು ಬಾಗಿಲಿಗೆ ಬಂದವರನ್ನು ನೋಡಿದ್ದು ಮಾತ್ರ ಅದೇ ಮೊದಲು. ಬಂದವರಲ್ಲಿ ಒಬ್ಬ ರಿಟೈರಾದ ಬಸ್ ಕಂಡಕ್ಟರ್ ಸಿದ್ದಯ್ಯ. ಇನ್ನೊಬ್ಬಳು ಅವನ ಮಗಳು ಅಮೂಲ್ಯ. ಮದುವಣಗಿತ್ತಿಯೂ ಅವಳೇ.

ಇದು ಸಿದ್ದಯ್ಯನಿಗೆ ಹೊಳೆದ ಉಪಾಯ ಎಂದು ಯಾರೂ ತಿಳಿಯಬಾರದು. ಅವನು ಇಪ್ಪತ್ತೆಂಟು ವರ್ಷ ಸಾತನೂರಿನಿಂದ ಕನಕಪುರ, ರಾಮನಗರದ ಮೇಲೆ ಮಾಗಡಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಹರಿದವನು. ಆ ದಾರಿಯುದ್ದಕ್ಕೂ ಅವನನ್ನು ಕರೆಯದ ಮದುವೆ ಇರಲಿಲ್ಲ, ಅವನು ಉಣ್ಣದೆ ಎದ್ದು ಬಂದ ಮದುವೆಯೂ ಇರಲಿಲ್ಲ. ಹೀಗಾಗಿ ಮಗಳಿಗೆ ಗಂಡು ಗೊತ್ತಾದ ದಿನ ಅವನು ಮೊದಲು ಯೋಚಿಸಿದ್ದು ಊಟದ ಎಲೆಯ ವಿಷಯ. ಆ ಕಡೆ ಮದುವೆಯನ್ನು ಅಳೆಯುವುದೇ ಎಲೆಯಲ್ಲಿ. ಇವರದು ಸಾವಿರ ಎಲೆಯ ಮದುವೆ, ಅವರದು ಎರಡು ಸಾವಿರದ್ದು ಎನ್ನುತ್ತಾರೆ.

"ಎರಡೂವರೆ ಸಾವಿರ ಎಲೆ ಆಯ್ತದೆ," ಎಂದ ಸಿದ್ದಯ್ಯ. "ಕನಕಪುರದಾಗೆ ಛತ್ರ. ಮಾರನೆ ದಿನ ಬೀಗರೂಟ, ಮಟನ್ನು. ರಿಟೈರ್ಮೆಂಟ್ ದುಡ್ಡು ಇರಾದೇ ಅದುಕ್ಕೆ."

"ನೂರೈವತ್ತು ಎಲೆ," ಎಂದಳು ಅಮೂಲ್ಯ.

ಅವಳು ಕನಕಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ದಿನಕ್ಕೆ ಐವತ್ತು ಜನರ ತೋಳಿಗೆ ಸೂಜಿ ಚುಚ್ಚಿ, ಅಷ್ಟೂ ಜನರಿಂದ 'ನೋಯಲೇ ಇಲ್ಲ ಕಣವ್ವ' ಅನ್ನಿಸಿಕೊಳ್ಳುವವಳು. ಮಾತೂ ಹಾಗೆಯೇ, ಮೆತ್ತಗೆ, ನೆಟ್ಟಗೆ. ಮಾಗಡಿಯಲ್ಲಿ ಹೈಸ್ಕೂಲ್ ಮೇಷ್ಟರಾಗಿರುವ ಗಂಡು ಮುನಿಕೃಷ್ಣನ ಜೊತೆ ಆಗಲೇ ಎಲ್ಲ ಮಾತಾಡಿಕೊಂಡಿದ್ದಳು. ಸಾವನದುರ್ಗದ ಬುಡದಲ್ಲಿ ದೇವಸ್ಥಾನದ ಮದುವೆ. ಪಕ್ಕದ ಸಣ್ಣ ಹಾಲ್ ಒಳಗೆ ಹಿಡಿಸುವುದೇ ನೂರೈವತ್ತು ಜನ. ಎರಡೂ ಕಡೆ ರಕ್ತಸಂಬಂಧಿಕರಷ್ಟೇ. ಬೀಗರೂಟ ಇಲ್ಲ.

"ಬೀಗರೂಟ ಇಲ್ದಿದ್ರೆ ಅದು ಮದ್ವೆನೇನವ್ವ? ನಾನು ಉಂಡ ಮನೆಯೋರ್ಗೆಲ್ಲ ಯಾವ ಮುಖ ತೋರ್ಸ್ಲಿ?"

"ಇದೇ ಮುಖ ತೋರ್ಸಾನ, ಅಪ್ಪ. ಕರೀದೆ ಕದ್ದು ಮದ್ವೆ ಮಾಡ್ಕೊಂಡ್ರೆ ತಾನೆ ಅವ್ರಿಗೆ ಬೇಜಾರು? ಕರಿಯೋರ ಮನೆಗೆ ಫೋನ್ ಮಾಡಿದ್ರೂ ಸಾಕು. ಕರೀದೆ ಇರೋರ ಮನೆಗೆ ನಾವೇ ಹೋಗಿ ಹೇಳ್ಬೇಕು."

ಸಿದ್ದಯ್ಯ ಹೆಂಡತಿಯ ಮುಖ ನೋಡಿದ. ಗಂಗಲಕ್ಷ್ಮಮ್ಮ ಸೊಪ್ಪು ಸೋಸುತ್ತ ಕೂತಿದ್ದಳು. "ಕರಿಯಾಕೂ ಬಾಳೇಹಣ್ಣು, ಬರಬ್ಯಾಡಿ ಅನ್ನಾಕೂ ಬಾಳೇಹಣ್ಣು. ನಿಮ್ ಕಮ್ಮಿ ಖರ್ಚಿನ ಮದ್ವೆ ಚೆನ್ನಾಗೈತೆ," ಎಂದಳು. ಆದರೆ ಮಗಳ ಪಕ್ಷಕ್ಕೇ ನಿಂತಳು.

ಸಿದ್ದಯ್ಯ ಮನೆಗಳ ಪಟ್ಟಿ ಬರೆಯಲು ಕೂತರೆ ಇನ್ನೂರ ಅರವತ್ತು ಮನೆಗಳಾದವು. ಕೊನೆಯ ಹೆಸರು ಕೆಂಪರಾಜು. ಅದನ್ನು ಬರೆದು, ಪೆನ್ನು ಮುಚ್ಚಿ, ಪಟ್ಟಿ ಮಡಿಚಿ ಜೇಬಿಗಿಟ್ಟ. ಕೆಂಪರಾಜು ಅದೇ ಬಸ್ಸಿನ ಡ್ರೈವರಾಗಿದ್ದವನು. ಇಬ್ಬರೂ ಹನ್ನೊಂದು ವರ್ಷ ಒಂದೇ ಗಾಡಿಯಲ್ಲಿ ದುಡಿದು, ಒಂದೇ ಬುತ್ತಿಯಲ್ಲಿ ಮುದ್ದೆ ಮುರಿದು ಉಂಡವರು. ಅವನಿಗೆ ಬರಬೇಡ ಎನ್ನುವುದಕ್ಕಿಂತ ಓಡುವ ಬಸ್ಸಿನಿಂದ ಧುಮುಕುವುದು ಸುಲಭ ಎನ್ನಿಸಿತು ಸಿದ್ದಯ್ಯನಿಗೆ.

ಮೊದಲ ಮನೆ ಅಂಗಡಿ ಕರಿಯಪ್ಪನದು. ಕರಿಯಪ್ಪ ಬಾಳೆಹಣ್ಣು ಇಸಿದುಕೊಂಡು, ಇನ್ನೊಂದು ಕೈ ಚಾಚಿ, "ಪತ್ರಿಕೆ ಎಲ್ಲಪ್ಪ?" ಎಂದ.

ಸಿದ್ದಯ್ಯ ಮಗಳ ಕಡೆ ನೋಡಿದ. ಅಮೂಲ್ಯ ಹೇಳಿದಳು: "ಪತ್ರಿಕೆ ಮಾಡ್ಸಿಲ್ಲ, ದೊಡ್ಡಪ್ಪ. ಸಣ್ಣದಾಗಿ ಮಾಡ್ತಾ ಇದೀವಿ, ನೆಂಟ್ರು ಮಾತ್ರ. ನಿಮ್ಮನ್ನ ಕರಿಯಾಕೆ ಆಗ್ತಿಲ್ಲ ಅಂತ ಹೇಳಿ ಆಶೀರ್ವಾದ ಇಸ್ಕೊಂಡು ಹೋಗಾನ ಅಂತ ಬಂದ್ವಿ."

ಕರಿಯಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಹೆಂಡತಿಯನ್ನು ಕೂಗಿ, "ಟೀ ಇಡೇ, ಇವ್ರು ಯಾರೂ ಮಾಡ್ದಿರೋ ಕೆಲ್ಸ ಮಾಡಾಕೆ ಬಂದವ್ರೆ," ಎಂದ. ಸಿದ್ದಯ್ಯನಿಗೆ ಹೋದ ಉಸಿರು ವಾಪಸು ಬಂತು.

ಎಲ್ಲ ಮನೆಯೂ ಕರಿಯಪ್ಪನ ಮನೆಯಾಗಿರಲಿಲ್ಲ. ಒಂದು ಕಡೆ ಟಿವಿಯ ಸದ್ದು ಜೋರು ಮಾಡಿದರು. ಇನ್ನೊಂದು ಕಡೆ, ಇಷ್ಟು ಗುಟ್ಟಾಗಿ ಮಾಡುವುದಕ್ಕೆ ಹುಡುಗಿಯದೇನಾದರೂ ಅವಸರವಿದೆಯಾ ಎಂದು ಕೇಳಿಯೇಬಿಟ್ಟರು. ಸಿದ್ದಯ್ಯ ಎದ್ದು ನಿಂತ. ಅಮೂಲ್ಯ ಕೂತಲ್ಲೇ ನಕ್ಕು, "ಅವಸರ ಏನೂ ಇಲ್ಲ, ಚಿಕ್ಕಮ್ಮ. ಗುಟ್ಟಾಗಿದ್ರೆ ನಿಮ್ಮನೆಗೆ ಬಂದು ಹೇಳ್ತಿದ್ನ?" ಎಂದಳು. ಕೇಳಿದವಳು ತಲೆ ತಗ್ಗಿಸಿ ಕುಂಕುಮ ತರಲು ಒಳಗೆ ಹೋದಳು. ಕಬ್ಬಾಳಿನ ಅಂಬುಜಮ್ಮ, ಹಿಂದೆ ಹೂವಿನ ಬುಟ್ಟಿ ಹೊತ್ತು ಬಸ್ಸು ಹತ್ತುತ್ತಿದ್ದ ಮುದುಕಿ, ಬಾಯಿಗೆ ಬಂದಂತೆ ಬೈದಳು. "ಆವತ್ತು ನನ್ ಬುಟ್ಟಿಗೂ ಟಿಕೆಟ್ ಹರ್ದೆ, ಇವತ್ತು ಊಟಕ್ಕೂ ಇಲ್ಲ ಅಂತೀಯ," ಎಂದಳು. ಬೈದಾದ ಮೇಲೆ ಅಕ್ಕಿ, ಕಾಯಿ, ಬೆಲ್ಲ ತಂದು ಅಮೂಲ್ಯಳ ಮಡಿಲು ತುಂಬಿ, ಅವಳ ಕೆನ್ನೆ ಹಿಡಿದು ಗಳಗಳ ಅತ್ತಳು.

ಹೀಗೆ ಎರಡೂವರೆ ತಿಂಗಳು ಭಾನುವಾರವೆಲ್ಲ, ಉಳಿದ ದಿನ ಕೆಲಸ ಬಿಟ್ಟ ಮೇಲೆ. ಸ್ಕೂಟರಿನ ಹಿಂದೆ ಬಾಳೆಹಣ್ಣಿನ ಚೀಲ ತಬ್ಬಿಕೊಂಡು ಸಿದ್ದಯ್ಯ, ಮುಂದೆ ಹ್ಯಾಂಡಲ್ ಹಿಡಿದು ಅಮೂಲ್ಯ. ಬೇರೆ ಹುಡುಗಿಯರು ಸೀರೆ ಆರಿಸುವ ದಿನಗಳಲ್ಲಿ ಇವಳು ಜನರ ಮುನಿಸು ಹೊರುತ್ತಿದ್ದಳು. ಮುಖ ಕಪ್ಪಾಯಿತು, ಮೂರು ಕೆಜಿ ಇಳಿದಳು. ಮನೆಗೊಂದು ಟೀ ಕುಡಿದು ಸಿದ್ದಯ್ಯನಿಗೆ ರಕ್ತದಲ್ಲಿ ಸಕ್ಕರೆ ಏರಿತು. ರಿಪೋರ್ಟ್ ತಂದವಳೂ ಅವಳೇ. ದುಡ್ಡು ಉಳಿಸುವುದೂ ಇಷ್ಟು ದುಬಾರಿ ಎಂದು ಅವನಿಗೆ ಗೊತ್ತಿರಲಿಲ್ಲ. ಸಾಲು ಸಾಲು ಎಲೆ ಹಾಕಿಸಿ ಬಾಗಿಲಲ್ಲಿ ಕೈಮುಗಿದು ನಿಲ್ಲುವುದು ಯಾರಿಗೆ ಬರುವುದಿಲ್ಲ? ಇನ್ನೂರ ಐವತ್ತೊಂಬತ್ತು ಮನೆಯ ಜಗುಲಿ ಹತ್ತಿ 'ನಿಮ್ಮನ್ನು ಕರೆಯುವುದಿಲ್ಲ' ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಅವರ ಕೈಯಿಂದಲೇ ಕುಂಕುಮ ಇಡಿಸಿಕೊಂಡು ಬರುವುದು ಅವನ ವಂಶದಲ್ಲಿ ಯಾರಿಗೂ ಆಗದ ಕೆಲಸ. ಸ್ಕೂಟರಿನ ಹಿಂದೆ ಕೂತು ಮಗಳ ಬೆನ್ನು ನೋಡುತ್ತ, ಇವಳನ್ನು ಹೆತ್ತವನು ನಾನೇನಾ ಎಂದು ಎಷ್ಟೋ ಸಲ ಅಂದುಕೊಂಡ.

ಕೊನೆಗೆ ಉಳಿದದ್ದು ಒಂದೇ ಮನೆ.

"ಕೆಂಪರಾಜು ಒಬ್ನನ್ನ ಕರಿಯಾನ ಕಣವ್ವ," ಎಂದ ಸಿದ್ದಯ್ಯ. "ಒಂದೆಲೆ ಜಾಸ್ತಿ ಆದ್ರೆ ಏನಾಯ್ತದೆ?"

"ಒಬ್ಬ ಸ್ನೇಹಿತ್ರನ್ನ ಕರೆದ್ರೆ ಉಳಿದೋರಿಗೆಲ್ಲ ಹೇಳಿದ್ದು ಸುಳ್ಳಾಗ್ತದೆ, ಅಪ್ಪ. ಅಂಬುಜಮ್ಮಂಗೆ ಏನಂತ ಹೇಳಾನ?"

ಸಿದ್ದಯ್ಯ ಪಟ್ಟಿಯನ್ನು ಮತ್ತೆ ಮಡಿಚಿ ಜೇಬಿಗಿಟ್ಟ. ಅವನಿಗೆ ನಿಜವಾಗಿ ಭಯವಿದ್ದದ್ದು ಬೇರೆ. ಆರು ವರ್ಷದ ಹಿಂದೆ ಕೆಂಪರಾಜು ತನ್ನ ಮಗಳು ಭಾನುಪ್ರಿಯಳಿಗೆ ಮೂರು ಸಾವಿರ ಎಲೆಯ ಮದುವೆ ಮಾಡಿದ್ದ. ಅದಕ್ಕಾಗಿ ಕನಕಪುರದ ಸೈಟು ಮಾರಿದ್ದ, ರಿಟೈರ್ಮೆಂಟ್ ದುಡ್ಡು ಮುಗಿಸಿದ್ದ. ಈಗ ಅರವತ್ತಾರರ ವಯಸ್ಸಿನಲ್ಲಿ ಯಾವುದೋ ಟ್ರಾವೆಲ್ಸಿನ ಬಸ್ಸು ಓಡಿಸುತ್ತಿದ್ದ. ಅಂಥವನ ಮುಂದೆ ಹೋಗಿ ನಾವು ಕಮ್ಮಿ ಖರ್ಚಿನಲ್ಲಿ ಮಾಡುತ್ತೇವೆ ಎನ್ನುವುದೆಂದರೆ, ನಿನ್ನಂತೆ ಕೆಡುವುದಿಲ್ಲ ಎಂದ ಹಾಗೆ.

ಕೆಂಪರಾಜುವಿನ ಮನೆಯ ಗೋಡೆಯಲ್ಲಿ ಆ ಮದುವೆಯ ಫೋಟೋ ಬಾಗಿಲಷ್ಟು ದೊಡ್ಡದಾಗಿ ತೂಗುತ್ತಿತ್ತು. ಅದರ ಕೆಳಗೇ ಇವರು ಕೂತರು. ಅಮೂಲ್ಯ ಹೇಳಬೇಕಾದ್ದನ್ನು ಹೇಳಿದಳು. ಕೆಂಪರಾಜು ಕೇಳಿಸಿಕೊಂಡ.

"ಯಾಕವ್ವ, ನನ್ ನೋಡಿ ಬುದ್ಧಿ ಕಲ್ತ್ಯಾ?" ಎಂದ.

ಇಲ್ಲ ಎಂದುಬಿಡು ತಾಯಿ ಎಂದು ಸಿದ್ದಯ್ಯ ಮನಸ್ಸಿನಲ್ಲೇ ಬೇಡಿಕೊಂಡ.

"ಹೂಂ, ದೊಡ್ಡಪ್ಪ," ಎಂದಳು ಅಮೂಲ್ಯ. ಗೋಡೆಯ ಫೋಟೋ ಕಡೆ ನೋಡಿದಳು. "ಭಾನಕ್ಕನ ಮದ್ವೇಲಿ ನಾನೂ ಎರಡು ಹೋಳಿಗೆ ಹಾಕಿಸ್ಕೊಂಡು ಉಂಡೆ. ಈಗ ನೀವು ಆ ಬಸ್ಸು ಹತ್ತಿ ಸೊಂಟ ಹಿಡ್ಕೊಂಡು ಇಳಿಯೋದು ನೋಡ್ದಾಗೆಲ್ಲ ಆ ಊಟ ನೆಪ್ಪಾಯ್ತದೆ. ನಮ್ಮಪ್ಪನ್ನ ಹಂಗೆ ನೋಡಾಕೆ ನನ್ ಕೈಲಿ ಆಗಕ್ಕಿಲ್ಲ."

ಕೆಂಪರಾಜು ಎದ್ದು ಒಳಗೆ ಹೋದ. ಹೋದವನು ಹೊರಗೆ ಬರಲೇ ಇಲ್ಲ. ಅವನ ಹೆಂಡತಿ ಕಾಫಿ ತಂದಿಟ್ಟಳು, ಇವರು ಕುಡಿದು ಎದ್ದರು. ಮುಂದಿನ ಹದಿನೈದು ದಿನ ಸಿದ್ದಯ್ಯ ಮಾಡಿದ ಫೋನನ್ನು ಅವನು ಎತ್ತಲಿಲ್ಲ. ಎರಡೂವರೆ ಸಾವಿರ ಎಲೆಯ ಖರ್ಚು ಉಳಿಯಿತು, ಹನ್ನೊಂದು ವರ್ಷದ ಗೆಳೆಯ ಹೋದ ಎಂದು ಸಿದ್ದಯ್ಯ ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡ. ಮಗಳಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಸಾತನೂರಿನ ಸರ್ಕಲ್ಲಿನಲ್ಲಿ ನೆಂಟರಿಗಾಗಿ ಗೊತ್ತುಮಾಡಿದ್ದ ಬಸ್ಸು ಬಂದು ನಿಂತಿತು. ಆಫ್ತಾಬ್ ಎಂಬ ಡ್ರೈವರ್ ಬರುತ್ತಾನೆಂದು ಟ್ರಾವೆಲ್ಸಿನವರು ಹೇಳಿದ್ದರು. ಸಿದ್ದಯ್ಯ ಹತ್ತಿ ನೋಡಿದರೆ ಸ್ಟೇರಿಂಗ್ ಹಿಡಿದು ಕೂತವನು ಕೆಂಪರಾಜು. ಇಸ್ತ್ರಿ ಮಾಡಿದ ಬಿಳಿ ಷರಟು, ಹಣೆಯಲ್ಲಿ ವಿಭೂತಿ.

"ಆಫ್ತಾಬ್‌ಗೆ ಜ್ವರ. ನನ್ ಕಳ್ಸವ್ರೆ," ಎಂದ, ಮುಂದಿನ ಗಾಜನ್ನೇ ನೋಡುತ್ತ. ಸುಳ್ಳು ಹೇಳುವಾಗ ಅವನು ಎಂದೂ ಮುಖ ನೋಡುತ್ತಿರಲಿಲ್ಲ. ಸಿದ್ದಯ್ಯನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸಾವನದುರ್ಗದಲ್ಲಿ ಎಲ್ಲರೂ ಇಳಿದರು, ಕೆಂಪರಾಜು ಕೂತೇ ಇದ್ದ. "ನೀನೂ ಇಳಿ ಕಣ್ಲಾ," ಎಂದ ಸಿದ್ದಯ್ಯ. "ಕರೀದಿರೋ ಮದ್ವೆಗೆ ಹೋಗೋ ಚಾಳಿ ನನಗಿಲ್ಲ ಕಣ್ಲಾ. ನಾನು ಡ್ಯೂಟಿ ಮೇಲಿವ್ನಿ. ಹೋಗು, ಮುಹೂರ್ತ ಮೀರ್ತದೆ," ಎಂದ ಕೆಂಪರಾಜು.

ಧಾರೆ ಎರೆಯುವಾಗ ಸಿದ್ದಯ್ಯನ ಕೈ ಇಲ್ಲಿತ್ತು, ಮನಸ್ಸು ಬಸ್ಸಿನಲ್ಲಿತ್ತು. ತಾಳಿ ಕಟ್ಟಿ ಆಯಿತು. ಎಲೆ ಹಾಕಿದರು. ಅಡುಗೆಯವನು ಬಂದು, ಯಾವ ಮದುವೆಯಲ್ಲೂ ಕೇಳುವ ಮಾತನ್ನು ಕೇಳಿದ: "ಅಣ್ಣ, ಡ್ರೈವರ್ ಎಲೆ ಎಲ್ಲಿ ಹಾಕ್ಲಿ?"

ಮದುವೆಯಲ್ಲಿ ಡ್ರೈವರ್ ಎಲೆಯನ್ನು ಯಾರೂ ಎಣಿಸುವುದಿಲ್ಲ. ಕಂಡಕ್ಟರಾಗಿ ಇಪ್ಪತ್ತೆಂಟು ವರ್ಷ ಅದೇ ಎಲೆಯ ಪಕ್ಕ ಕೂತು ಉಂಡವನಿಗೆ ಆ ಹೊತ್ತಿಗೆ ಅದು ಹೊಳೆದಿರಲೇ ಇಲ್ಲ. ಅವನು ಬಾಯಿ ಬಿಡುವ ಮೊದಲೇ ಬಾಸಿಂಗ ಕಟ್ಟಿದ್ದ ಮದುವಣಗಿತ್ತಿ ಹಸೆಮಣೆ ಬಿಟ್ಟು ಎದ್ದಿದ್ದಳು. ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಎಲೆ ಹಿಡಿದು ಬಸ್ಸಿನ ಕಡೆಗೆ ಹೊರಟಳು. ಮುನಿಕೃಷ್ಣ ನೀರಿನ ಚೊಂಬು ಹಿಡಿದು ಹಿಂದೆ ಬಂದ. ಮೇಷ್ಟರಿಗೆ ಅಷ್ಟು ಬುದ್ಧಿ ಇದ್ದದ್ದು ಕಂಡು ಸಿದ್ದಯ್ಯನಿಗೆ ಸಮಾಧಾನವಾಯಿತು, ಅವನೂ ಹಿಂದೆಯೇ ನಡೆದ.

"ಏನವ್ವ, ನಿನ್ ರೂಲ್ಸು ಏನಾಯ್ತು?" ಎಂದ ಕೆಂಪರಾಜು.

"ನೂರೈವತ್ತು ಹಾಲ್ ಒಳಗೆ, ದೊಡ್ಡಪ್ಪ. ಡ್ರೈವರ್ ಎಲೆ ಲೆಕ್ಕಕ್ಕಿಲ್ಲ." ಅವಳು ಡ್ರೈವರ್ ಸೀಟಿನ ಹಿಂದಿನ ಸೀಟಿನ ಮೇಲೆ ಎಲೆ ಹಾಸಿದಳು. ಅದರ ಕೆಳಗೆ ಇನ್ನೊಂದು ಎಲೆಯಿತ್ತು. ಅದನ್ನು ಪಕ್ಕದಲ್ಲಿ ಹಾಸಿ, ಅಪ್ಪನ ಕಡೆ ತಿರುಗಿ, "ಇದು ಕಂಡಕ್ಟರ್‌ದು," ಎಂದಳು.

ಅಡುಗೆಯವನು ಅಲ್ಲಿಗೇ ಬಂದು ಬಡಿಸಿದ. ಬೀಗರ ಸಾಲಿನಲ್ಲಿ ಕೂರಬೇಕಾದ ಹೆಣ್ಣಿನ ತಂದೆ ಬಸ್ಸಿನಲ್ಲಿ ಕೂತು ಉಂಡ. ಕೆಂಪರಾಜು ಅನ್ನ ಕಲೆಸುತ್ತ ಮಾತು ತೆಗೆದ. "ನಿನ್ ಮಗ್ಳು ಹೇಳಿದ್ದು ದಿಟ ಕಣ್ಲಾ, ಸಿದ್ದ. ಆವತ್ತು ನನ್ಗೆ ಯಾರೂ ಹೇಳ್ಲಿಲ್ಲ. ನೀನೂ ಹೇಳ್ಲಿಲ್ಲ."

"ಹೇಳ್ಲಿಲ್ಲ ಕಣ್ಲಾ," ಎಂದ ಸಿದ್ದಯ್ಯ. ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಟ್ಟ. "ಬಾಯ್ ಮುಚ್ಕೊಂಡು ಉಂಡ್ಬುಟ್ಟೆ."

"ಈಗ್ಲೂ ಉಣ್ಣು. ಒಸಿ ಸಾರು ಹಾಕ್ಸು ನನ್ಗೆ."

ಸಂಜೆ ಮಗಳು ಗಂಡನ ಜೊತೆ ಮಾಗಡಿಗೆ ಹೊರಟಳು. ಗಂಗಲಕ್ಷ್ಮಮ್ಮ ಅತ್ತಳು, ನೆಂಟರು ಸಮಾಧಾನ ಮಾಡಿದರು, ಎಲ್ಲರೂ ಬಸ್ಸು ಹತ್ತಿದರು. ಸಿದ್ದಯ್ಯ ಬಾಗಿಲ ಮೆಟ್ಟಿಲ ಮೇಲೆ ನಿಂತು, ಕೈ ಸುಮ್ಮನಿರದೆ, ಹಳೆಯ ಅಭ್ಯಾಸದಂತೆ ತಲೆ ಎಣಿಸಿದ. ಇನ್ನೊಮ್ಮೆ ಎಣಿಸಿದ. ಕೆಂಪರಾಜು ಗಾಡಿ ಸ್ಟಾರ್ಟ್ ಮಾಡಿ, ಗೇರಿನ ಮೇಲೆ ಕೈ ಇಟ್ಟು ಕಾಯುತ್ತಿದ್ದ.

"ಎಲ್ಲಾ ಹತ್ತಿದ್ರೇನ್ಲಾ?"

"ಒಬ್ಳು ಕಮ್ಮಿ," ಎಂದ ಸಿದ್ದಯ್ಯ.

ಕೆಂಪರಾಜು ತಿರುಗಿ, ಅವತ್ತು ಮೊದಲ ಸಲ, ಅವನ ಮುಖ ನೋಡಿದ.

"ಅವಳ ಸ್ಟಾಪು ಬಂತು, ಇಳ್ಕೊಂಡ್ಲು ಕಣ್ಲಾ. ರೈಟ್ ಅನ್ನು."

ಸಿದ್ದಯ್ಯ ಕಣ್ಣೊರೆಸಿಕೊಂಡು, ಬಾಗಿಲಿನ ತಗಡನ್ನು ಎರಡು ಸಲ ಬಡಿದು, "ರೈಟ್," ಎಂದ.