ಎರಡೂ ಕೈ ಕಾಣಬೇಕು

ರಾಂಪುರದ ನಾಗೇಂದ್ರಪ್ಪನಿಗೆ ಕೈ ಸುಮ್ಮನಿಟ್ಟುಕೊಂಡು ಮಾತಾಡಲು ಬರುವುದಿಲ್ಲ. ಮಗಳು ಶಿಲ್ಪ ಹುಟ್ಟಿನಿಂದ ಕಿವಿ ಕೇಳದವಳು. ಇಪ್ಪತ್ತೈದು ವರ್ಷ ಅವಳ ಜೊತೆ ಕೈಯಲ್ಲಿ ಮಾತಾಡಿ ಮಾತಾಡಿ, ಈಗ ಅಂಗಡಿಯಲ್ಲಿ ಯೂರಿಯಾ ಕೇಳುವಾಗಲೂ ಬಾಯಿಯ ಜೊತೆ ಕೈ ತಾನಾಗಿ ಆಡುತ್ತದೆ. ಊರವರು ಅಣಕಿಸಿ ನಗುತ್ತಿದ್ದರು, ಅವನೂ ನಗುತ್ತಿದ್ದ.

ಆ ಕೈಗಳೇ ಅವನ ಮಾನ ಕಳೆದವು. ಶಿಲ್ಪ ಚಳ್ಳಕೆರೆಯ ಟೈಲರ್ ರವಿಕಿರಣನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನೇ, ಆದರೆ ಅವನಿಗೂ ಕಿವಿ ಕೇಳಿಸದು. ಮದುವೆಯಾಯಿತು. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ನಾಗೇಂದ್ರಪ್ಪ ಜಗಲಿಯಲ್ಲಿ ಕೂತು ತನ್ನ ಅಣ್ಣನ ಹತ್ತಿರ, "ನಾಳೆ ಕೂಸು ಅತ್ರೆ ಇಬ್ರಿಗೂ ಕೇಳ್ಸಲ್ಲ. ಇವ್ಳ ಕೈಯಾಗೆ ಕೂಸು ಉಳಿಯಾಕಿಲ್ಲ ಬಿಡು" ಅಂದ. ಬಾಯಲ್ಲಷ್ಟೇ ಅಂದಿದ್ದರೆ ಯಾವ ಅನಾಹುತವೂ ಆಗುತ್ತಿರಲಿಲ್ಲ. ಕೈಗಳೂ ಜೊತೆಗೇ ಅಂದುಬಿಟ್ಟವು. ಬಾಗಿಲಲ್ಲಿ ನಿಂತಿದ್ದ ಮಗಳು ಅಷ್ಟನ್ನೂ ನೋಡಿದಳು.

ಈಗ ಅವಳಿಗೆ ಏಳು ತಿಂಗಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಕಾದವಳು ಬರುವುದಿಲ್ಲವೆಂದು ಕೂತಿದ್ದಳು. ನಾಗೇಂದ್ರಪ್ಪ ಎರಡು ಸಲ ಚಳ್ಳಕೆರೆಗೆ ಹೋಗಿ ಬಂದ. ಅವನು ಕೈ ಎತ್ತಿದ್ದೇ ತಡ, ಅವಳು ಮುಖ ತಿರುಗಿಸಿದಳು. ಕಿವಿ ಕೇಳುವವರಾದರೆ ಬೆನ್ನ ಹಿಂದೆ ನಿಂತಾದರೂ ಕೂಗಿ ಹೇಳಬಹುದು. ಇವಳು ಮುಖ ತಿರುಗಿಸಿದರೆ ಮಾತು ಅಲ್ಲಿಗೆ ಮುಗಿಯಿತು. ವಿಡಿಯೊ ಕಾಲ್ ಮಾಡಿದರೆ ಫೋನು ಮಗುಚಿಡುತ್ತಿದ್ದಳು. ಬರೆದು ಕಳಿಸೋಣವೆಂದರೆ ಅವಳ ಓದು ತನ್ನ ಹೆಸರು ಬರೆಯುವಷ್ಟಕ್ಕೇ ನಿಂತಿತ್ತು.

"ವಿಡಿಯೊ ಮಾಡಿ ಕಳ್ಸ್ರಿ," ಅಂದಳು ಹೆಂಡತಿ ವನಜಾಕ್ಷಿ. "ಸಿಟ್ಟು ಇಳಿದಾಗ ನೋಡ್ತಾಳೆ. ನೋಡ್ದೆ ಇರಾಕೆ ಅವ್ಳಿಗೂ ಆಗಲ್ಲ."

ಮೊದಲನೆಯದನ್ನು ಅವನೇ ಎಡಗೈಯಲ್ಲಿ ಫೋನು ಹಿಡಿದು ಮಾಡಿದ. ತಪ್ಪಾಯಿತು ಅನ್ನಬೇಕಾದರೆ ಎರಡು ಕೈಯಲ್ಲಿ ಎರಡು ಕಿವಿ ಹಿಡಿಯಬೇಕು. ಒಂದೇ ಕಿವಿ ಹಿಡಿದ ಅವನನ್ನು ನೋಡಿದರೆ ಕಿವಿನೋವಿಗೆ ಔಷಧ ಕೇಳಲು ಬಂದವನಂತಿದ್ದ. ಅದನ್ನು ಅಳಿಸಿದ ಮೇಲೆ ವನಜಾಕ್ಷಿ ಫೋನು ಹಿಡಿದಳು. ಪಟ ಅಂದರೆ ಮುಖ ಅಂತ ತಿಳಿದವಳು ಅವಳು. ಗಂಡನ ಮುಖವನ್ನೇ ತುಂಬಿಸಿದಳು. ಕೈಗಳು ಒಂದೂ ಕಾಣಲಿಲ್ಲ, ಮೂಗು ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಕೊನೆಗೆ ಮದುವೆ ವಿಡಿಯೊ ತೆಗೆಯುವ ಓಬಳೇಶನನ್ನು ಬೆಳಗ್ಗೆಯೇ ಹೊಲಕ್ಕೆ ಕರೆತಂದ. ಓಬಳೇಶ ಫೋನು ತಿರುಗಿಸಿ ನೋಡಿ, ಕ್ಯಾಮೆರಾದ ಮೇಲಿದ್ದ ಎಣ್ಣೆಜಿಡ್ಡನ್ನು ಅಂಗಿಯ ತುದಿಯಿಂದ ಒರೆಸಿದ.

"ಅಣ್ಣಾ, ಸೂರ್ಯನಿಗೆ ಬೆನ್ನು ಕೊಡಬ್ಯಾಡ್ರಿ, ಮುಖ ಕಪ್ಪಾಗ್ತೈತೆ. ಆ ಚೌಕಳಿ ಅಂಗಿ ಬ್ಯಾಡ, ಕೈ ಎದ್ದು ಕಾಣಲ್ಲ. ನನ್ನ ಬಿಳೀ ಅಂಗಿ ಹಾಕ್ಕಳ್ರಿ."

ಪಂಪ್‌ಹೌಸಿನ ಗೋಡೆಯ ಮುಂದೆ ನಾಗೇಂದ್ರಪ್ಪನನ್ನು ನಿಲ್ಲಿಸಿ, ಫೋನನ್ನು ಅಡ್ಡಡ್ಡ ಮಾಡಿ, ಔಷಧಿ ಹೊಡೆಯುವ ಡಬ್ಬದ ಮೇಲೆ ಕಲ್ಲಿಗೆ ಆನಿಸಿಟ್ಟ. ಸೊಂಟದಿಂದ ನೆತ್ತಿಯವರೆಗೆ ಎರಡೂ ಕೈ ಸಮೇತ ಕಾಣುತ್ತಿದ್ದ.

"ಹಿಂದ್ಗಡೆ ಒಂದು ಹಾಡು ಹಾಕ್ಲಾ ಅಣ್ಣಾ? ಎದೆಗೆ ತಾಗಂಗಿರ್ತೈತೆ."

"ಯಾರು ಕೇಳಾಕಲೇ?"

ಓಬಳೇಶ ನಾಲಿಗೆ ಕಚ್ಚಿಕೊಂಡು, ಬಟನ್ ಒತ್ತಿ, ಈರುಳ್ಳಿ ಮಡಿಗಳ ಕಡೆ ನಡೆದುಬಿಟ್ಟ.

ನಾಗೇಂದ್ರಪ್ಪ ಗದ್ದದ ಮೇಲೆ ಬೆರಳಿಟ್ಟ. ಗದ್ದದಲ್ಲಿ ಮಚ್ಚೆಯಿರುವ ಮಗಳಿಗೆ ಆ ಮನೆಯಲ್ಲಿ ಅದೇ ಹೆಸರು. ಎರಡೂ ಕಿವಿ ಹಿಡಿದುಕೊಂಡ. ಅವತ್ತು ನನ್ನ ಹೆದರಿಕೆ ಮಾತಾಡಿತು, ನಾನಲ್ಲ ಎಂದ. ಆಮೇಲೆ ಅದೂ ಸುಳ್ಳೆನಿಸಿ, ಇಲ್ಲ, ನಾನೇ ಆಡಿದ್ದು ಎಂದು ತಿದ್ದಿದ. ತೋಳುಗಳನ್ನು ತೊಟ್ಟಿಲು ಮಾಡಿ ತೂಗಿದ. ಬಾ ಎಂದ, ಮತ್ತೆ ಬಾ ಎಂದ.

ಓಬಳೇಶ ಬಂದು ಆ ವಿಡಿಯೊವನ್ನು ವಾಟ್ಸಾಪಿನಲ್ಲಿ ಶಿಲ್ಪಳಿಗೆ ಕಳಿಸಿಕೊಟ್ಟ. ಹತ್ತು ಗಂಟೆಗೆ ಅವಳು ನೋಡಿದ ಗುರುತು ನೀಲಿಯಾಗಿ ಬಂತು. ಉತ್ತರ ಬರಲಿಲ್ಲ. ಈರುಳ್ಳಿ ಕೊಯ್ಯುವ ಆಳುಗಳು ಏನೋ ಕೇಳಿದ್ದಕ್ಕೆಲ್ಲ ಅವನು ಹೂಂ ಅಂದ.

ವನಜಾಕ್ಷಿ ಬುತ್ತಿ ತಂದು ಬದುವಿನ ಮೇಲೆ ಕೂತಾಗ ಫೋನು ನಡುಗಿತು. ಮಗಳೂ ವಿಡಿಯೊ ಮಾಡಿ ಕಳಿಸಿದ್ದಳು.

ಶಿಲ್ಪ ಕಿಟಕಿಯ ಬೆಳಕಿಗೆ ಎದುರಾಗಿ ಕೂತಿದ್ದಳು. ಹಿಂದೆ ಬರೀ ಗೋಡೆ, ಎರಡೂ ಕೈ ಸ್ಪಷ್ಟ. ಓಬಳೇಶನೂ ಇಷ್ಟು ಚೆನ್ನಾಗಿ ತೆಗೆದಿರಲಿಲ್ಲ. ಅಪ್ಪ ತಪ್ಪೊಪ್ಪಿಕೊಂಡ ಮಾತನ್ನು ಅವಳು ಎತ್ತಲೇ ಇಲ್ಲ. ತನ್ನ ಬಲಗೈ ಹೆಬ್ಬೆರಳನ್ನು ಹಿಡಿದು ತೋರಿಸಿ, ಹುಬ್ಬು ಗಂಟಿಕ್ಕಿ ಕೇಳಿದಳು: ಇಲ್ಲೇನಾಯಿತು?

ನಾಗೇಂದ್ರಪ್ಪ ತನ್ನ ಹೆಬ್ಬೆರಳು ನೋಡಿಕೊಂಡ. ನಿನ್ನೆ ಕುಡುಗೋಲು ತಾಗಿ ಬಟ್ಟೆಚೂರು ಸುತ್ತಿದ್ದ, ಅವನಿಗೇ ಮರೆತುಹೋಗಿತ್ತು.

ಅಷ್ಟರಲ್ಲಿ ಶಿಲ್ಪಳ ಮುಖ ಪರದೆಯ ತುಂಬ ಬಂತು. ಚಿಕ್ಕಂದಿನಲ್ಲಿ ಅವಳು ಬಿದ್ದು ಬಂದಾಗ ಅವನು ಮಾಡುತ್ತಿದ್ದಂತೆಯೇ, ತುಟಿ ಸೊಟ್ಟ ಮಾಡಿ, ಉಫ್ ಎಂದು ಊದಿದಳು. ಅರವತ್ತಕ್ಕೆ ಹತ್ತಿರವಾದ ನಾಗೇಂದ್ರಪ್ಪ ಹೆಬ್ಬೆರಳನ್ನು ಪರದೆಗೆ ಹಿಡಿದ.

ಆಮೇಲೆ ಅವಳು ಹಿಂದೆ ಸರಿದು, ಮೂರು ಬೆರಳು ತೋರಿಸಿ, ಎರಡೂ ಕೈ ಎದೆಯ ಕಡೆ ಎಳೆದುಕೊಂಡಳು. ಮೂರು ದಿನ ಬಿಟ್ಟು ಕರೆದುಕೊಂಡು ಹೋಗಲು ಬಾ.

"ಏನಂತೆ? ಬರ್ತಾಳಂತಾ?" ಬಿಸಿಲಿಗೆ ಪರದೆ ಕಾಣದ ವನಜಾಕ್ಷಿ ಗಂಡನ ತೋಳು ಅಲ್ಲಾಡಿಸಿದಳು.

ನಾಗೇಂದ್ರಪ್ಪ ಫೋನನ್ನು ಅವಳ ಮಡಿಲಿಗಿಟ್ಟು, ಬಾಯಿಬಿಡದೆ ಎರಡೂ ಕೈಯೆತ್ತಿ ಹೇಳಿದ: ಬರುತ್ತಾಳೆ.